ಹ್ಯಾಮ್‌ಸ್ಟರ್ ಜೀವಕೋಶದಲ್ಲೇ ಔಷಧ ಯಾಕೆ?

ಪ್ರಶ್ನೆ: ಇನ್ಸುಲಿನ್ ತಯಾರಿಗೆ ಬ್ಯಾಕ್ಟೀರಿಯಾ ಸಾಕಂತೆ. ಹಾಗಿದ್ರೆ ಕ್ಯಾನ್ಸರ್‌ಗೆ ಕೊಡುವ ಆ್ಯಂಟಿಬಾಡಿ (ರೋಗ ತಡೆಯುವ ಪ್ರೋಟೀನ್) ಔಷಧಕ್ಕೆ ಹ್ಯಾಮ್‌ಸ್ಟರ್ ಜೀವಕೋಶ ಯಾಕೆ ಬೇಕು? ಅದಕ್ಕಾಗಿ ಪ್ರಾಣಿಗಳನ್ನು ಕೊಲ್ಲುತ್ತಾರಾ?

ಉತ್ತರ: ಕೊಲ್ಲುವುದಿಲ್ಲ. 1957ರಲ್ಲಿ ಥಿಯೋಡರ್ ಪಕ್ ಎಂಬ ವಿಜ್ಞಾನಿ ಒಂದು ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಜೀವಕೋಶ ತೆಗೆದು ಬೆಳೆಸಿದರು. ಸಿಎಚ್‌ಒ (ಚೈನೀಸ್ ಹ್ಯಾಮ್‌ಸ್ಟರ್ ಓವರಿ, ಅಂದರೆ ಅಂಡಾಶಯ) ಅಂತ ಕರೆಯುವ ಇವತ್ತಿನ ಕೋಶಗಳೆಲ್ಲ ಅದರದ್ದೇ ಸಂತಾನ. ದ್ರವ ಸಾರಜನಕದಲ್ಲಿ ಇಟ್ಟ ಪುಟ್ಟ ಸೀಸೆ ಒಂದನ್ನು ಕರಗಿಸಿ, ಸಣ್ಣ ಫ್ಲಾಸ್ಕ್‌ನಿಂದ ದೊಡ್ಡದಕ್ಕೆ ದಾಟಿಸುತ್ತಾ, ಕೊನೆಗೆ ಸಾವಿರಾರು ಲೀಟರಿನ ಟ್ಯಾಂಕ್ ತುಂಬಿಸುತ್ತಾರೆ.

ಇನ್ನು ಬ್ಯಾಕ್ಟೀರಿಯಾ ಯಾಕೆ ಆಗಲ್ಲ ಅನ್ನೋದು. ಇನ್ಸುಲಿನ್‌ನಲ್ಲಿ ಇರೋದು ಬರೀ 51 ಅಮೈನೋ ಆಮ್ಲ. ಆ್ಯಂಟಿಬಾಡಿಯಲ್ಲಿ 1,300ಕ್ಕೂ ಜಾಸ್ತಿ, ನಾಲ್ಕು ಸರಪಳಿಗಳು ಸರಿಯಾಗಿ ಮಡಚಿಕೊಂಡು ಒಂದಕ್ಕೊಂದು ಕೂಡಿಕೊಳ್ಳಬೇಕು, ಸಾಲದ್ದಕ್ಕೆ ಅದರ ಬುಡದಲ್ಲಿ ಸಕ್ಕರೆಯ ಕವಲುಗಳು ಅಂಟಿಕೊಂಡಿರಬೇಕು. ಆ ಸಕ್ಕರೆ ಇಲ್ಲದಿದ್ದರೆ ನಮ್ಮ ರಕ್ಷಣಾ ಕೋಶಗಳು ಆ್ಯಂಟಿಬಾಡಿಯ ಬುಡವನ್ನು ಸರಿಯಾಗಿ ಹಿಡಿಯುವುದಿಲ್ಲ. ಔಷಧ ತಯಾರಿಗೆ ಬಳಸುವ ಮಾಮೂಲಿ ಬ್ಯಾಕ್ಟೀರಿಯಾ ಇ. ಕೋಲಿಗೆ ಈ ಸಕ್ಕರೆ ಅಂಟಿಸುವ ಕೆಲಸ ಬರುವುದಿಲ್ಲ. ಸಿಎಚ್‌ಒ ಅದನ್ನು ಹೆಚ್ಚುಕಡಿಮೆ ಮನುಷ್ಯರ ಕೋಶದಂತೆಯೇ ಮಾಡುತ್ತದೆ. ಈ ದಾರಿಯಲ್ಲಿ ಬಂದ ಮೊದಲ ಔಷಧ ಹೃದಯಾಘಾತದಲ್ಲಿ ರಕ್ತದ ಗಡ್ಡೆ ಕರಗಿಸುವ ಟಿಪಿಎ, ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಪಡೆಯಿತು.

ಆದರೆ ಈ ಕೋಶಗಳು ತುಂಬಾ ನಾಜೂಕು. ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಎರಡಾಗುತ್ತೆ, ಇವಕ್ಕೆ ಸುಮಾರು ಒಂದು ದಿನ ಬೇಕು. ಟ್ಯಾಂಕ್‌ನಲ್ಲಿ ಕಲಕುವ ರೆಕ್ಕೆಗೆ ಸಿಕ್ಕಿ ಕೋಶ ಸಾಯುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಶತ್ರು ಆಮ್ಲಜನಕ ಕೊಡಲು ಬಿಡುವ ಗಾಳಿಗುಳ್ಳೆ! ಗುಳ್ಳೆ ಮೇಲೆ ಬಂದು ಒಡೆಯುವಾಗ ಅದಕ್ಕೆ ಅಂಟಿದ ಕೋಶವೂ ಹರಿದುಹೋಗುತ್ತದೆ, ಅದಕ್ಕೇ ಕೋಶ ಗುಳ್ಳೆಗೆ ಅಂಟದಂತೆ ಪೊಲೊಕ್ಸಮರ್ ಅನ್ನೋ ಪದಾರ್ಥ ಬೆರೆಸುತ್ತಾರೆ.

ಪ್ರಶ್ನೆ: ನಮ್ಮ ಲ್ಯಾಬ್‌ನಲ್ಲಿ ಕೋಶ ಬೆಳೆಸುವ ಎಲ್ಲಾ ಫ್ಲಾಸ್ಕ್‌ಗೂ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಆ್ಯಂಟಿಬಯೋಟಿಕ್ ಹಾಕುತ್ತೇವೆ. ಮತ್ತೆ ಕಂಟಾಮಿನೇಶನ್ (ಬೇಡದ ಸೂಕ್ಷ್ಮಜೀವಿ ಸೇರುವ) ಭಯ ಯಾಕೆ?

ಉತ್ತರ: ಅದೇ ತೊಂದರೆ, ಭಯ ಹೋಗಿಬಿಡುತ್ತೆ! ಮೈಕೋಪ್ಲಾಸ್ಮಾ ಅನ್ನೋ ಅತಿ ಪುಟ್ಟ ಬ್ಯಾಕ್ಟೀರಿಯಾಗೆ ಕೋಶಭಿತ್ತಿಯೇ ಇಲ್ಲ, ಕೋಶಭಿತ್ತಿಗೇ ಹೊಡೆಯುವ ಪೆನಿಸಿಲಿನ್ ಅದನ್ನೇನು ಮಾಡೀತು? 0.2 ಮೈಕ್ರಾನ್ ಫಿಲ್ಟರ್‌ನಲ್ಲೂ ಅದು ನುಸುಳಿಕೊಳ್ಳಬಲ್ಲದು. ಕೋಶ ಬೆಳೆಯುವ ದ್ರವ (ಮೀಡಿಯಾ) ಕದಡುವುದೂ ಇಲ್ಲ, ನೋಡಿದರೆ ಎಲ್ಲಾ ಚೆನ್ನಾಗೇ ಇದೆ ಅನಿಸುತ್ತೆ, ಒಳಗೆ ಮಾತ್ರ ಕೋಶಗಳ ನಡವಳಿಕೆಯೇ ಬದಲಾಗಿರುತ್ತೆ. ಉಳಿದ ಬ್ಯಾಕ್ಟೀರಿಯಾ ಸ್ವಲ್ಪ ಇದ್ದರೂ ಆ್ಯಂಟಿಬಯೋಟಿಕ್ ಅದನ್ನು ಮುಚ್ಚಿಡುತ್ತದೆ. ಎರಡು ವಾರ ಸುಮ್ನೆ ಆ್ಯಂಟಿಬಯೋಟಿಕ್ ಇಲ್ಲದೆ ಕೋಶ ಬೆಳೆಸಿ, ಆಮೇಲೆ ಮೈಕೋಪ್ಲಾಸ್ಮಾಗೆ ಪಿಸಿಆರ್ (ಡಿಎನ್‌ಎ ಪತ್ತೆ ಪರೀಕ್ಷೆ) ಮಾಡಿಸಿ ನೋಡಿ.