ಸಂಪಾದಕರ ಉತ್ತರ: ಸಭೆಗೆ ಬಾರದ ಮೋಗೋ

ಮಾನ್ಯರೇ,

ಬಾಹ್ಯಾಕಾಶದ ಸೂಪರ್‌ಹೀರೋ ಕಾಮಿಕ್ಸ್‌ಗಳಲ್ಲಿನ ಹಾಸ್ಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಪುಟಗಳನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ತಾವು, ಬಂದೂಕು ಹಿಡಿದ ಪ್ರಾಣಿಯೊಂದರ ಚಿತ್ರ ನೋಡಿ ಮೊಮ್ಮಗಳು ಬಿದ್ದು ಬಿದ್ದು ನಗುವುದನ್ನು ಕಂಡು ಬೇಸರಪಟ್ಟಿದ್ದೀರಿ. "ಇಲ್ಲಿ ವೀರರಸಕ್ಕೂ ಅನ್ಯಾಯವಾಗಿದೆ, ವಿಜ್ಞಾನಕ್ಕೂ ಅನ್ಯಾಯವಾಗಿದೆ, ಇದರಲ್ಲಿ ಸವಿಯುವಂಥದ್ದು ಏನಿದೆ?" ಎಂದು ಕೇಳಿದ್ದೀರಿ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಇದಲ್ಲವಾದ್ದರಿಂದ ಈ ಬಾರಿಯ ಪುಟವನ್ನು ಪೂರ್ತಿಯಾಗಿ ತಮ್ಮ ಪತ್ರಕ್ಕೇ ಮೀಸಲಿಟ್ಟಿದ್ದೇನೆ.

ತಾವು ಭೌತಶಾಸ್ತ್ರದವರಾದದ್ದು ನನಗೆ ಅನುಕೂಲವೇ ಆಯಿತು. ಈ ಬಗೆಯ ಕಥೆಗಳಲ್ಲಿ ನಾನು ಅತ್ಯುತ್ತಮವೆಂದು ಎಣಿಸುವುದು 1985ರಲ್ಲಿ 'ಗ್ರೀನ್ ಲ್ಯಾಂಟರ್ನ್' ಮಾಲೆಯ 188ನೇ ಸಂಚಿಕೆಯ ಕೊನೆಯಲ್ಲಿ ಅಚ್ಚಾದ, ಅಲನ್ ಮೂರ್ ಬರೆದು ಡೇವ್ ಗಿಬನ್ಸ್ ಚಿತ್ರಿಸಿದ, ಕೆಲವೇ ಪುಟಗಳ ಒಂದು ಪುಟ್ಟ ಕಥೆ. ಹಿನ್ನೆಲೆ ಇಷ್ಟು: ಇಡೀ ವಿಶ್ವವನ್ನು 3600 ವಲಯಗಳಾಗಿ ಹಂಚಿಕೊಂಡು, ಹಸಿರು ಉಂಗುರದ ಶಕ್ತಿಯಿಂದ ಕಾವಲು ಕಾಯುವ ವೀರರ 'ಗ್ರೀನ್ ಲ್ಯಾಂಟರ್ನ್', ಅಂದರೆ 'ಹಸಿರು ದೀಪ', ಎಂಬ ದಳವೊಂದಿದೆ, ಓಆ ಎಂಬ ಗ್ರಹ ಅದರ ಕೇಂದ್ರ. ದಳಕ್ಕೆ ಹೊಸದಾಗಿ ಸೇರಿದ ಅರಿಸಿಯಾ ಎಂಬ ಹುಡುಗಿಗೆ ಒಂದು ಅನುಮಾನ. ಮೋಗೋ ಎಂಬ ಸದಸ್ಯ ಯಾವ ಸಭೆಗೂ ಬರುವುದಿಲ್ಲವಲ್ಲ, ಏಕೆ? ಹಿರಿಯನಾದ ಟೋಮಾರ್-ರೇ ಉತ್ತರವಾಗಿ ಒಂದು ಕಥೆ ಹೇಳುತ್ತಾನೆ. ಬೋಲ್‌ಫಂಗಾ ಎಂಬ ಮಹಾ ಜಗಳಗಂಟ ವೀರ, ಮೋಗೋನನ್ನು ಮಣಿಸಿ ಹೆಸರು ಮಾಡಬೇಕೆಂದು, ಅವನಿರುವನೆಂದು ಕೇಳಿದ ಕಾಡುಗ್ರಹಕ್ಕೆ ಬಂದಿಳಿಯುತ್ತಾನೆ. ಹೆಸರು ಹಿಡಿದು ಕೂಗುತ್ತಾನೆ, ಸವಾಲು ಹಾಕುತ್ತಾನೆ, ಆಯುಧ ಝಳಪಿಸುತ್ತಾನೆ. ಎದುರಿಗೆ ಯಾರೂ ಬರುವುದಿಲ್ಲ. ಬಿಡದೆ ಕಾಡನ್ನೆಲ್ಲ ಅಲೆದು, ಮರಗಳ ನಡುವಿನ ವಿಚಿತ್ರ ಬಯಲುಗಳನ್ನು ಗುರುತು ಹಾಕಿಕೊಂಡು, ಕೊನೆಗೆ ಗ್ರಹದ ನಕ್ಷೆಯೊಂದನ್ನು ಬರೆಯುತ್ತಾನೆ. ಆ ನಕ್ಷೆಯಲ್ಲಿ ಮೂಡಿರುವುದು ದಳದ ಲಾಂಛನ. ತಾನು ಹುಡುಕುತ್ತಿರುವ ಮೋಗೋನ ಮೇಲೆಯೇ ತಾನು ಇಷ್ಟು ದಿನ ಓಡಾಡುತ್ತಿದ್ದೆನೆಂದು ಅವನಿಗೆ ಹೊಳೆಯುತ್ತದೆ: ಗ್ರಹವೇ ಮೋಗೋ. ಬೋಲ್‌ಫಂಗಾ ಕಾಲಿಗೆ ಬುದ್ಧಿ ಹೇಳುತ್ತಾನೆ. ಟೋಮಾರ್-ರೇ ಅರಿಸಿಯಾಳತ್ತ ತಿರುಗಿ, ಮೋಗೋ ಸಭೆಗೆ ಬಂದರೆ ಅವನ ಗುರುತ್ವಾಕರ್ಷಣೆಯ ಸೆಳೆತಕ್ಕೆ ಓಆ ಛಿದ್ರವಾಗಿ ಹೋಗುತ್ತದೆ ಎಂದು ಶಾಂತವಾಗಿ ತಿಳಿಸುತ್ತಾನೆ.

ಇಲ್ಲಿ ವಿಜ್ಞಾನಕ್ಕೆ ಆದ ಅನ್ಯಾಯವಾದರೂ ಯಾವುದು? ಒಂದು ಆಕಾಶಕಾಯ ಮತ್ತೊಂದಕ್ಕೆ ತೀರ ಹತ್ತಿರವಾದರೆ ಸೆಳೆತದ ಏರುಪೇರಿನಿಂದಲೇ ಸೀಳಿಹೋಗುತ್ತದೆ ಎಂಬುದನ್ನು ಫ್ರಾನ್ಸಿನ ಎದುವಾರ್ ರೋಶ್ 1848ರಲ್ಲೇ ಲೆಕ್ಕ ಹಾಕಿ ತೋರಿಸಿದ್ದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಸಾಂದ್ರತೆ ಸಮನಾಗಿರುವ ದ್ರವರೂಪಿ ಕಾಯಗಳಿಗೆ ಆ ಮಿತಿ ದೊಡ್ಡದರ ತ್ರಿಜ್ಯದ ಸುಮಾರು 2.44 ಪಟ್ಟು. ಗ್ರಹವೊಂದು ಸಭೆಗೆ ಹೊರಟು ನಿಂತರೆ ಏನಾದೀತು ಎಂದು ಪಾಠದಲ್ಲಿ ಕೇಳಿದ್ದರೆ ತಾವೂ ಇದೇ ಉತ್ತರವನ್ನು ಕೊಡುತ್ತಿದ್ದಿರಿ. ಉಂಗುರದ ಶಕ್ತಿಯನ್ನು ನಂಬಬೇಕೆಂದು ಕಥೆಗಾರ ನಮ್ಮನ್ನು ಒಮ್ಮೆ ಕೇಳಿಕೊಳ್ಳುತ್ತಾನೆ, ನಿಜ. ಆಮೇಲೆ ಲೆಕ್ಕ ತಪ್ಪಿಸುವುದಿಲ್ಲ. ವಿಶ್ವದ ಗಾತ್ರವನ್ನು ಗಂಭೀರವಾಗಿ ತೆಗೆದುಕೊಂಡ ಲೇಖಕನಿಗಷ್ಟೇ ಈ ಹಾಸ್ಯ ಒದಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಬಾಹ್ಯಾಕಾಶವನ್ನು ಬರಿಯ ಕಪ್ಪು ಪರದೆಯಂತೆ ಹಿಂದೆ ಕಟ್ಟಿ, ಮುಂದೆ ಇಬ್ಬರನ್ನು ಬಡಿದಾಡಿಸುವ ಕಥೆಗಳಲ್ಲಿ ಇಂಥ ನಗು ಹುಟ್ಟಲಾರದು.

ಇನ್ನು ವೀರರಸದ ಮಾತು. ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟು, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ಕುಮಾರವ್ಯಾಸ ಎಷ್ಟು ಪ್ರೀತಿಯಿಂದ ಚಿತ್ರಿಸಿದ್ದಾನೆಂಬುದು ಕನ್ನಡಿಗರಿಗೆ ಗೊತ್ತಿಲ್ಲದ್ದಲ್ಲ. 'ಉತ್ತರನ ಪೌರುಷ ಒಲೆಯ ಮುಂದೆ' ಎನ್ನುವಾಗ ನಮ್ಮ ನಗುವೆಲ್ಲ ಉತ್ತರನ ಪಾಲಿಗೇ ಹೋಗುತ್ತದೆ. ಆದರೆ ಆ ಪ್ರಸಂಗದ ಸೊಗಸು ಇನ್ನೊಂದು ಕಡೆ ಅಡಗಿದೆ: ಯಾವ ವೀರನಿಲ್ಲದೆ ಯುದ್ಧ ಅಸಾಧ್ಯವೋ ಆ ವೀರ ಅವನದೇ ರಥದ ಮುಂದೆ, ಬೃಹನ್ನಳೆಯ ವೇಷದಲ್ಲಿ, ಲಗಾಮು ಹಿಡಿದು ಕುಳಿತಿದ್ದಾನೆ. ಬೋಲ್‌ಫಂಗಾನಿಗೆ ಮೋಗೋ ಕಾಲಡಿಯಲ್ಲೇ ಇದ್ದಂತೆ ಉತ್ತರನಿಗೆ ಅರ್ಜುನ ಕಣ್ಣೆದುರಿಗೇ ಇದ್ದ. ಎರಡೂ ಕಡೆ ನಗೆಪಾಟಲಾಗುವುದು ಬಡಾಯಿ. ಪರಾಕ್ರಮದ ಕೂದಲೂ ಕೊಂಕುವುದಿಲ್ಲ. ಯಕ್ಷಗಾನದಲ್ಲಿಯೂ ಕಿರೀಟವೇಷದ ಎದುರು ಹಾಸ್ಯಗಾರ ದೂತನಾಗಿ ನಿಂತು ಅಡ್ಡಮಾತು ಆಡುತ್ತಾನೆ. ಅದರಿಂದ ರಾಜವೇಷದ ಠೀವಿ ಕುಗ್ಗಿತೆಂದು ನಾವು ಯಾರೂ ದೂರಿದವರಲ್ಲ.

ಮೋಗೋನಿಗಿಂತಲೂ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಅದೇ ಮೂರ್, ಬಿಲ್ ವಿಲಿಂಗ್‌ಹ್ಯಾಮ್ ಅವರ ಚಿತ್ರಗಳೊಂದಿಗೆ, 1987ರಲ್ಲಿ ಬರೆದ ಇನ್ನೊಂದು ಪುಟ್ಟ ಕಥೆ. ಬೆಳಕೆಂಬುದೇ ಇಲ್ಲದ ವಿಶ್ವದ ಒಂದು ಮೂಲೆಗೆ ಕಾವಲುಗಾರನನ್ನು ನೇಮಿಸಲು ಕಟ್ಮಾ ತುಯಿ ಎಂಬ ವೀರಳನ್ನು ಕಳುಹಿಸುತ್ತಾರೆ. ಅಲ್ಲಿ ಅವಳಿಗೆ ಸಿಗುವ ಯೋಗ್ಯ ವ್ಯಕ್ತಿ ರೋಟ್ ಲೋಪ್ ಫಾನ್. ಧೈರ್ಯವಂತ, ಸತ್ಯವಂತ, ಎಲ್ಲ ಸರಿ. ಆದರೆ ಹುಟ್ಟಿನಿಂದ ಕತ್ತಲೆಯನ್ನೇ ಉಂಡು ಬೆಳೆದ ಜನಾಂಗದ ಅವನಿಗೆ 'ಹಸಿರು' ಎಂದರೇನು? 'ದೀಪ' ಎಂದರೇನು? ಬೆಳಗುವ ಹಗಲು, ಕಗ್ಗತ್ತಲ ಇರುಳು ಎಂದು ಸಾಗುವ ದಳದ ಪ್ರತಿಜ್ಞೆಯನ್ನು ಅವನಿಗೆ ಬೋಧಿಸುವುದಾದರೂ ಹೇಗೆ? ಉಂಗುರ ಎಲ್ಲ ಭಾಷೆಗಳನ್ನೂ ಅನುವಾದಿಸಬಲ್ಲದು. ಈ ಪದಗಳ ಬಳಿ ಬಂದಾಗ ಮಾತ್ರ ಸೋತು ಸುಮ್ಮನಾಗುತ್ತದೆ. ಕಟ್ಮಾ ಯೋಚಿಸಿ ಯೋಚಿಸಿ, ಅವನ ಮನಸ್ಸಿಗೆ ನೆಮ್ಮದಿ ಕೊಡುವ ಒಂದು ಸ್ವರವನ್ನು ಕೇಳಿ ತಿಳಿದುಕೊಂಡು, ದೀಪದ ಬದಲು ಒಂದು ಗಂಟೆಯನ್ನು ಮಾಡಿಕೊಡುತ್ತಾಳೆ. ಪ್ರತಿಜ್ಞೆಯನ್ನು ಬೆಳಕಿನ ಮಾತುಗಳಿಂದ ಬಿಡಿಸಿ ಸದ್ದು ಮತ್ತು ನಿಶ್ಶಬ್ದದ ಮಾತುಗಳಲ್ಲಿ ಹೊಸದಾಗಿ ಕಟ್ಟುತ್ತಾಳೆ. ಅವನ ಪಾಲಿಗೆ ಆ ದಳದ ಹೆಸರು 'ಎಫ್-ಶಾರ್ಪ್ ಗಂಟೆಯ ದಳ'. ಪಾಶ್ಚಾತ್ಯ ಸಂಗೀತದ ಆ ಸ್ವರ ಪಿಯಾನೋದ ನಡುಭಾಗದಲ್ಲಿ ಸೆಕೆಂಡಿಗೆ ಸುಮಾರು 370 ಕಂಪನಗಳಷ್ಟು. ಹಿಂದಿರುಗಿದ ಕಟ್ಮಾ, ತಮ್ಮ ದಳದ ಹೆಸರನ್ನೇ ಅರಿಯದ ಇವನು ಲೆಕ್ಕಕ್ಕೆ ದಳದ ಸದಸ್ಯನೋ ಅಲ್ಲವೋ ಎಂದು ಹಿರಿಯರ ಮುಂದೆ ಇಡುವ ಪ್ರಶ್ನೆ ನಗು ತರಿಸುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರಹ ತರುವ ಕೆಲಸದಲ್ಲಿ ದಿನ ಕಳೆಯುವ ನಮ್ಮ ಕಚೇರಿಯವರಿಗಂತೂ ಅನುವಾದವೆಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸಿಕೊಟ್ಟ ಬರಹ ಸಿಕ್ಕಿಲ್ಲ.

ಈಗ ತಮ್ಮ ಮೊಮ್ಮಗಳ ಪ್ರಾಣಿಗೆ ಬರೋಣ. ತಾವು ಕೊಟ್ಟ ವರ್ಣನೆಯಿಂದ, ಅಂದರೆ ಕಣ್ಣ ಸುತ್ತಲಿನ ಕಪ್ಪು ಪಟ್ಟಿ ಮತ್ತು ಬಳೆ ತೊಡಿಸಿದಂತಿರುವ ಬಾಲದಿಂದ, ಅದು ರಾಕೆಟ್ ರಕೂನ್ ಎಂಬುದು ಸ್ಪಷ್ಟ. ಬಿಲ್ ಮ್ಯಾಂಟ್ಲೋ ಮತ್ತು ಕೀತ್ ಗಿಫೆನ್ 1976ರಲ್ಲಿ ಸೃಷ್ಟಿಸಿದ ಪಾತ್ರ ಇದು. 1985ರಲ್ಲಿ ಮ್ಯಾಂಟ್ಲೋ ಬರೆದು ಮೈಕ್ ಮಿನ್ಯೋಲಾ ಚಿತ್ರಿಸಿದ ನಾಲ್ಕು ಸಂಚಿಕೆಗಳು ಅದರ ಊರನ್ನು ಪರಿಚಯಿಸಿದವು. ಆ ಊರು ಒಂದು ಗ್ರಹ. ಬೇರೆ ಲೋಕದವರು ತಮ್ಮ ಮಾನಸಿಕ ರೋಗಿಗಳನ್ನು ತಂದು ಬಿಟ್ಟ ಆಸ್ಪತ್ರೆ. ವೈದ್ಯರು ಹೊರಟುಹೋದರು. ಆರೈಕೆಗೆಂದು ಉಳಿದ ಯಂತ್ರಗಳು ಬುದ್ಧಿ ಬೆಳೆದ ಮೇಲೆ ತಮ್ಮ ಬೇರೆ ಕೆಲಸ ನೋಡಿಕೊಳ್ಳಬಯಸಿ, ರೋಗಿಗಳ ಜೊತೆಗಿದ್ದ ಸಾಕುಪ್ರಾಣಿಗಳಿಗೆ ಬುದ್ಧಿ ಕೊಟ್ಟು ಆ ಹೊಣೆಯನ್ನು ಒಪ್ಪಿಸಿದವು. ಎಲ್ಲರೂ ಬಿಟ್ಟುಹೋದವರನ್ನು ಕಾಯುವ ಕಾವಲುಗಾರ ಆ ರಕೂನ್. ಅದರ ಸಿಡುಕು, ಗತ್ತು, ಕುಳ್ಳು ದೇಹ ಮೀರಿದ ಬಂದೂಕು ನೋಡಿ ನಗುವ ಮಗುವಿಗೆ ಈ ಕಥೆ ತಿಳಿದಿದೆಯೋ ಇಲ್ಲವೋ, ಒಮ್ಮೆ ಕೇಳಿ ನೋಡಿ.

2008ರಲ್ಲಿ ಡ್ಯಾನ್ ಆಬ್ನೆಟ್ ಮತ್ತು ಆಂಡಿ ಲ್ಯಾನಿಂಗ್ ಇದೇ ರಕೂನನ್ನು 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ತಂಡಕ್ಕೆ ಸೇರಿಸಿದರು. ತಂಡದ ನೆಲೆ ಸತ್ತ ದೈತ್ಯನೊಬ್ಬನ ಕತ್ತರಿಸಿದ ತಲೆ. ಅದರೊಳಗೆ ಒಂದು ಪಟ್ಟಣ. ಆ ಪಟ್ಟಣದ ಭದ್ರತೆಯ ಮುಖ್ಯಸ್ಥ ಕಾಸ್ಮೋ ಎಂಬ ನಾಯಿ. ಸೋವಿಯತ್ ಒಕ್ಕೂಟ 1960ರ ದಶಕದಲ್ಲಿ ಹಾರಿಸಿ ಕಳೆದುಕೊಂಡ ನಾಯಿ ಅದು. ಅಂತರಿಕ್ಷದ ಉಡುಪು ತೊಟ್ಟುಕೊಂಡೇ ಇದೆ, ಎಲ್ಲರ ಮನಸ್ಸಿನೊಳಗೆ ರಷ್ಯನ್ ಧಾಟಿಯಲ್ಲಿ ಮಾತನಾಡುತ್ತದೆ, ದೊಡ್ಡ ದೊಡ್ಡ ವೀರರನ್ನು ಗದರಿಸುತ್ತದೆ. ನಾನು ಆ ಪುಟಗಳಲ್ಲಿ ನಕ್ಕಿದ್ದೇನೆ, ನಕ್ಕ ಮೇಲೆ ಪುಟ ತಿರುಗಿಸದೆ ಕುಳಿತಿದ್ದೇನೆ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಹೋದ ಲೈಕಾಳಿಗೆ ಹಿಂದಿರುಗುವ ಏರ್ಪಾಡೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಬಿಸಿಯ ಹೊಡೆತಕ್ಕೆ ಅದು ಸತ್ತಿತ್ತೆಂಬುದು ಲೋಕಕ್ಕೆ ತಿಳಿದದ್ದು 2002ರಲ್ಲಿ. ಮನುಷ್ಯ ಮೇಲಕ್ಕೆ ಕಳುಹಿಸಿ ಕೈಬಿಟ್ಟ ಪ್ರಾಣಿಯೊಂದು ವಿಶ್ವದ ಅಂಚಿನಲ್ಲಿ ಬದುಕಿದೆ, ಅಧಿಕಾರದಲ್ಲಿದೆ, ಬಂದವರ ದಾಖಲೆ ಪರಿಶೀಲಿಸುತ್ತಿದೆ ಎಂದು ಕಲ್ಪಿಸುವ ಹಾಸ್ಯವನ್ನು ಹಗುರವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತಮ್ಮ ದೂರಿನಲ್ಲಿ ಒಂದು ಭಾಗವನ್ನು ನಾನು ಒಪ್ಪುತ್ತೇನೆ. ಊರಿಗೆ ಊರೇ ಉರಿಯುತ್ತಿರುವಾಗ ವೀರನ ಬಾಯಲ್ಲಿ ಚಟಾಕಿ ತುರುಕುವ ಕಥೆಗಳು ಸಾಕಷ್ಟಿವೆ. ಅಂಥಲ್ಲಿ ಅಪಾಯವೂ ನಿಜವೆನಿಸದು, ನಗುವೂ ಬಾರದು. ಕಳೆದ ಸಂಚಿಕೆಯಲ್ಲಿ ನಾವು ಹೊಗಳಿದ ಕೃತಿಗಳಲ್ಲಿ ಒಂದೆರಡು ಈ ಸಾಲಿನವೇ ಎಂದು ತಮ್ಮ ಪತ್ರ ಓದಿದ ಮೇಲೆ ಮತ್ತೆ ತೆರೆದು ನೋಡಿದಾಗ ನನಗೂ ಅನಿಸಿತು. ಆ ಆಯ್ಕೆಯ ಹೊಣೆ ನನ್ನದು.

ಮೊಮ್ಮಗಳ ಕೈಯಿಂದ ಪುಸ್ತಕ ಬಿಡಿಸಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ದಯವಿಟ್ಟು ಬೇಡ. ನಮ್ಮ ಕಚೇರಿಯಲ್ಲಿರುವ ಗ್ರೀನ್ ಲ್ಯಾಂಟರ್ನ್ ಕಥೆಗಳ ಸಂಕಲನವನ್ನು ಈ ವಾರವೇ ತಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ; ಓದಿ, ನಿಧಾನವಾಗಿ ಹಿಂದಿರುಗಿಸಿದರೆ ಸಾಕು. ಮೋಗೋನ ಗುಟ್ಟನ್ನು ತಮಗೆ ನಾನೇ ಬಿಟ್ಟುಕೊಟ್ಟಿದ್ದೇನೆ, ಕ್ಷಮೆಯಿರಲಿ. ವಾದಕ್ಕೆ ಅದು ಬೇಕಾಗಿತ್ತು. ಆದರೆ ಮೊಮ್ಮಗಳಿಗೆ ಮೊದಲೇ ಹೇಳಬೇಡಿ. ಪಕ್ಕದಲ್ಲಿ ಕುಳಿತು ಓದಿಸಿ, ಬೋಲ್‌ಫಂಗಾ ತಾನು ಬರೆದ ನಕ್ಷೆಯನ್ನು ಬಿಡಿಸಿ ನೋಡುವ ಚೌಕಟ್ಟಿಗೆ ಬಂದಾಗ ಪುಸ್ತಕದಿಂದ ಕಣ್ಣು ತೆಗೆದು ಅವಳ ಮುಖವನ್ನು ನೋಡಿ.

— ಸಂಪಾದಕ