ಹತ್ತಾರು ಜನ ಸೇರಿ ಮಾಡಿದ ಸಂಶೋಧನೆಯಲ್ಲಿ ಯಾರ ಹೆಸರು ಹಾಕಬೇಕು?

ದಾವಣಗೆರೆ, ಚಿತ್ರದುರ್ಗದ ಕೆಲವು ಕಾಲೇಜುಗಳು ಸೇರಿ ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಅಧ್ಯಯನ ಮಾಡುತ್ತಿದ್ದೀರಿ, ಲೇಖಕರು ಯಾರು ಅಂತ ಈಗಲೇ ತಕರಾರು ಎಂದು ಕೇಳಿದ್ದೀರಿ. ಈಗಲೇ ಬಂದಿದ್ದು ಒಳ್ಳೆಯದೇ. ಪ್ರಬಂಧ ಬರೆದ ಮೇಲೆ ಬಂದಿದ್ದರೆ ಬಿಡಿಸುವುದು ಜಾಸ್ತಿ ಕಷ್ಟ.

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರು ಅನ್ನಿಸಿಕೊಳ್ಳಲು 4 ಷರತ್ತು ಇಟ್ಟಿದೆ. ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಕೆಲಸ ಮಾಡಿರಬೇಕು. ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿರಬೇಕು. ಇಡೀ ಕೆಲಸದ ಹೊಣೆ ಹೊರಬೇಕು. ನಾಲ್ಕೂ ಬೇಕು. ಹಣ ತಂದವರು, ವಿಭಾಗದ ಮುಖ್ಯಸ್ಥರು ಅನ್ನುವ ಕಾರಣಕ್ಕೇ ಸುಮ್ನೆ ಹೆಸರು ಸೇರಿಸುವಂತಿಲ್ಲ. (ನಮ್ಮಲ್ಲಿ ಇದನ್ನು ಹೇಳುವುದೇ ಕಷ್ಟ, ಅಲ್ವಾ?) ಆದರೆ ಹೊನ್ನಾಳಿ, ಜಗಳೂರಿನ ಹೊಲಗಳಲ್ಲಿ ಹುಳು ಎಣಿಸಿದ ವಿದ್ಯಾರ್ಥಿಗೆ ಕರಡು ತಿದ್ದುವ ಅವಕಾಶವನ್ನೇ ಕೊಡದೆ ಹೊರಗಿಡುವುದೂ ತಪ್ಪು.

2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಸೂಕ್ಷ್ಮ ಕಣದ ತೂಕ ಅಳೆದ ಭೌತವಿಜ್ಞಾನದ ಪ್ರಬಂಧಕ್ಕೆ 5,154 ಲೇಖಕರಿದ್ದರು. 33 ಪುಟದಲ್ಲಿ 24 ಪುಟ ಹೆಸರು, ಸಂಸ್ಥೆಗಳೇ! ಅಲ್ಲಿ ಯಾರು ಏನು ಮಾಡಿದರು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಯಾರು ಯಾವ ಕೆಲಸ ಮಾಡಿದರು ಅಂತ ಗುರುತಿಸುವ ‘ಕ್ರೆಡಿಟ್’ (CRediT) ಪಟ್ಟಿ ಬಳಸಿ. ಪರಿಕಲ್ಪನೆ, ಸಾಫ್ಟ್‌ವೇರ್, ಮೇಲ್ವಿಚಾರಣೆ ಹೀಗೆ 14 ಪಾತ್ರಗಳಿವೆ. ಒಬ್ಬರಿಗೆ ಹಲವು ಪಾತ್ರ ಇರಬಹುದು. ಯಾರಿಗೆ ಯಾವ ಪಾತ್ರ ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಕೆಲಸ ಬದಲಾದರೆ ಹಾಳೆಯನ್ನೂ ಬದಲಿಸಿ.