ಶಿವಮೊಗ್ಗದಿಂದ ರೈಲು, ದೋಣಿ ಎರಡೂ ಸೇರುವ ಎರಡು ದಿನದ ಪ್ರವಾಸ ಹೇಗೆ ಮಾಡಬಹುದು?

ಶರಾವತಿಯನ್ನೇ ಹಿಡಿದು ಹೋಗಿ. ತಾಳಗುಪ್ಪಕ್ಕೆ ಹಗಲಿನ ರೈಲನ್ನೇ ಹತ್ತಬೇಕು. ರಾತ್ರಿ ಗಾಡಿಯಾದರೆ ಕುಂಸಿ, ಅರಸಾಳಿನ ಕಾಡೆಲ್ಲ ಕತ್ತಲಲ್ಲೇ ಕಳೆದುಹೋಗುತ್ತದೆ. ತಾಳಗುಪ್ಪಕ್ಕೆ ಹಳಿ ಮುಗಿಯಿತು, ಮುಂದೆ ಬಸ್ಸೇ ಗತಿ. ಜೋಗದಲ್ಲಿ 253 ಮೀಟರ್ ಧುಮುಕುವ ನದಿಯನ್ನು ನೋಡಿ, ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ ಸೇರಿ, ರಾತ್ರಿ ಅಲ್ಲೇ ಉಳಿಯಿರಿ.

ಮೇಲೆ ಅಷ್ಟು ಅಬ್ಬರಿಸಿದ ನದಿ ಇಲ್ಲಿ ಉಪ್ಪುನೀರಿನೊಡನೆ ಬೆರೆತು ಸದ್ದಿಲ್ಲದೆ ಹರಡಿಕೊಂಡಿರುತ್ತದೆ. ದೋಣಿಯವರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಸುತ್ತಿಸುತ್ತಾರೆ. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಎದ್ದು ನಿಂತ ಬೇರುಗಳು ಚೆನ್ನಾಗಿ ಕಾಣುತ್ತವೆ. ದರ ಮೊದಲೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಕೊಡದಿದ್ದರೆ ದೋಣಿ ಹತ್ತಲೇಬೇಡಿ.

ಮಳೆಗಾಲದಲ್ಲಿ ದೋಣಿ ನಂಬಿ ಹೊರಡಬೇಡಿ, ಬೇಸಿಗೆಯಲ್ಲಿ ಜೋಗ ಬರೀ ಬಂಡೆ. ಹಾಗಾಗಿ ನನ್ನ ಓಟು ಅಕ್ಟೋಬರ್‌ಗೆ. ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್ ಹಲವರ ನೆನಪಿನಲ್ಲಿದೆ, ಆದರೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಅದನ್ನೇ ನೆಚ್ಚಿ ಪ್ರವಾಸ ಹಾಕಿಕೊಳ್ಳುವುದು ಬೇಡ.

ವಾಪಸ್ ಕೊಂಕಣ ರೈಲ್ವೆಯಲ್ಲಿ ಮಂಗಳೂರಿನ ಕಡೆ ಬನ್ನಿ. ಹೊನ್ನಾವರ ಬಿಟ್ಟ ಕೂಡಲೇ ಕಿಟಕಿ ಬಿಟ್ಟು ಏಳಬೇಡಿ: ಎರಡು ಕಿ.ಮೀ.ಗೂ ಉದ್ದದ ಸೇತುವೆಯ ಮೇಲೆ ರೈಲು ಅದೇ ಶರಾವತಿಯನ್ನು ದಾಟುತ್ತದೆ.